ಸೇರಿನ ಲೆಕ್ಕ, ಪಾವಿನ ಲೆಕ್ಕ

ತಾಳವಾಡಿ ಬೆಟ್ಟಸೀಮೆಯ ಗೆಟ್ಟವಾಡಿ ಆಡಳಿತದಲ್ಲಿ ಈರೋಡು ಜಿಲ್ಲೆಗೆ ಸೇರಿದೆ. ಮಾತಿನಲ್ಲಿ ಮತ್ತು ಮಳೆಯಲ್ಲಿ ಚಾಮರಾಜನಗರಕ್ಕೆ ಹತ್ತಿರ. ಮುಂಗಾರು ಪಡುವಣ ಘಟ್ಟ, ನೀಲಗಿರಿಗಳ ಆಚೆಗೇ ಬಹುಪಾಲು ಸುರಿದು ಬರುವುದರಿಂದ ಇಲ್ಲಿಯ ಹೊಲಗಳು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯನ್ನೂ ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನೂ ನೆಚ್ಚಿಕೊಂಡಿವೆ. ಒಂದೂರಿಗೆ ಬಿದ್ದ ಮಳೆ ಪಕ್ಕದೂರಿಗೆ ಇಲ್ಲ ಅನ್ನುವುದು ಇಲ್ಲಿ ವರ್ಷವರ್ಷವೂ ಕಾಣುವ ಸಂಗತಿ. ರಾಗಿ ಬಿತ್ತುವ ಮುಂಚೆ, ಕೋಸಿನ ಪೈರು ನಾಟುವ ಮುಂಚೆ, ಈರುಳ್ಳಿ ಕಿತ್ತು ಒಣಗಲು ಹರವುವ ಮುಂಚೆ ಜನ ಈಗ ಮೋಡದ ಜೊತೆಗೆ ಫೋನನ್ನೂ ನೋಡುತ್ತಾರೆ. ಫೋನಿನಲ್ಲಿ ಕಾಣುವ ‘ನಾಳೆ ಇಷ್ಟು ಮಿಲಿಮೀಟರ್’ ಎಂಬ ಅಂಕಿಯ ಹಿಂದೆ ಹಲವು ಲಕ್ಷ ಸಾಲುಗಳ ಒಂದು ಪ್ರೋಗ್ರಾಂ ಇದೆ. ಭೂಮಿಯ ವಾತಾವರಣವನ್ನು ಚೌಕಗಳಾಗಿ ಕೊಯ್ದು, ಪ್ರತಿ ಚೌಕದ ಗಾಳಿ, ತೇವ, ಶಾಖಗಳನ್ನು ಕೆಲವು ನಿಮಿಷಗಳ ಒಂದೊಂದು ಹೆಜ್ಜೆಯಲ್ಲಿ ಮುಂದಕ್ಕೆ ಎಣಿಸುತ್ತ ಹೋಗುವ ಸಿಮ್ಯುಲೇಶನ್ ಅದು. ಆ ಪ್ರೋಗ್ರಾಂ ಎಂಥ ವಸ್ತು ಎನ್ನುವ ಬಗ್ಗೆ ಓದಿದವರಲ್ಲೂ ಒಂದು ನಂಬಿಕೆ ಬೇರೂರಿದೆ: ‘ಭೌತಶಾಸ್ತ್ರದ ಸೂತ್ರಗಳನ್ನು ಕಂಪ್ಯೂಟರಿಗೆ ಊಡಿರುತ್ತಾರೆ, ಸೂತ್ರ ಸರಿಯಿದ್ದು, ಬಂದ ಉತ್ತರ ವಾಸ್ತವಕ್ಕೆ ತಾಳೆಯಾದರೆ ಪ್ರೋಗ್ರಾಂ ಸರಿಯಿದೆ ಎಂದರ್ಥ. ಅದಕ್ಕಿಂತ ಹೆಚ್ಚಿನ ಶಿಸ್ತು ಬ್ಯಾಂಕು, ಕಂಪನಿಗಳ ಸಾಫ್ಟ್‌ವೇರಿಗೆ ಬೇಕು, ವಿಜ್ಞಾನಕ್ಕಲ್ಲ.’ ಈ ನಂಬಿಕೆ ತಪ್ಪು ಎಂದು ನಾನು ಭಾವಿಸುತ್ತೇನೆ, ಮತ್ತು ಈ ತಪ್ಪಿನ ಬೆಲೆ ಕಟ್ಟುವವರು ಅದನ್ನು ನಂಬಿದವರಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಈ ನಂಬಿಕೆಯನ್ನು ಮೂರ್ಖತನವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಗಟ್ಟಿಯಾದ ಆಧಾರಗಳಿವೆ. ಮೊದಲನೆಯದಾಗಿ, ಕಷ್ಟವಿರುವುದು ಭೌತಶಾಸ್ತ್ರದಲ್ಲಿ. ಮೋಡದೊಳಗೆ ಹನಿ ಹೇಗೆ ಬೆಳೆಯುತ್ತದೆ ಎಂದು ತಿಳಿಯದವನು ಎಷ್ಟೇ ಅಚ್ಚುಕಟ್ಟಾಗಿ ಪ್ರೋಗ್ರಾಂ ಬರೆದರೂ ಮಳೆ ಹೇಳಲಾರ. ಎರಡನೆಯದಾಗಿ, ವಿಜ್ಞಾನಿ ತನ್ನ ಉತ್ತರವನ್ನು ನಿಸರ್ಗದ ಎದುರಿಗೇ ಇಟ್ಟು ನೋಡುತ್ತಾನೆ. ಮುನ್ಸೂಚನೆ ಹೇಳಿದ ಮರುದಿನ ಮಳೆಯೇ ತೀರ್ಪು ಕೊಡುತ್ತದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಕಂಪನಿಯ ಸಾಫ್ಟ್‌ವೇರಿಗೂ ಇಲ್ಲ. ಮೂರನೆಯದಾಗಿ, ಸಂಶೋಧನೆಯಲ್ಲಿ ಏನು ಬೇಕು ಎನ್ನುವುದು ಮೊದಲೇ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಸಂಶೋಧನೆ ಏಕೆ? ದಿನಕ್ಕೊಂದು ಊಹೆಯನ್ನು ಹಾಕಿ ತೆಗೆಯುವ ಕೋಡಿಗೆ ನಕ್ಷೆ, ನಿಯಮ, ಪರೀಕ್ಷೆಗಳ ಹೊರೆ ಹೊರಿಸಿದರೆ ಕೆಲಸವೇ ನಿಲ್ಲುತ್ತದೆ. ಇದಕ್ಕೆ ಇತಿಹಾಸದ ಬೆಂಬಲವೂ ಇದೆ. 1950ರಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಅವರು ಎನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರಿನ ಮೇಲೆ ಮೊದಲ ಸಂಖ್ಯಾತ್ಮಕ ಹವಾಮಾನ ಮುನ್ಸೂಚನೆ ಮಾಡಿದಾಗ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಮಾತೇ ಚಲಾವಣೆಯಲ್ಲಿರಲಿಲ್ಲ. ಅಲ್ಲಿಂದೀಚೆಗೆ ಮುನ್ಸೂಚನೆ ದಶಕದಿಂದ ದಶಕಕ್ಕೆ ಸುಧಾರಿಸುತ್ತಲೇ ಬಂದಿದೆ, ಆ ಕೋಡುಗಳನ್ನು ಬರೆದವರಲ್ಲಿ ಹೆಚ್ಚಿನವರು ವಿಜ್ಞಾನಿಗಳೇ.

ಈಗ ಮೊದಲ ಆಧಾರವನ್ನು ನೋಡೋಣ. ಸೂತ್ರವೇ ಪ್ರೋಗ್ರಾಂ ಆಗುತ್ತದೆ ಎಂಬ ಕಲ್ಪನೆಯಲ್ಲಿ, ಎರಡರ ನಡುವೆ ಇರುವುದು ನಕಲು ಮಾಡುವ ಕೆಲಸ ಎಂಬ ಗ್ರಹಿಕೆಯಿದೆ. ಆದರೆ ಗಾಳಿಯ ಚಲನೆಯ ಸಮೀಕರಣ ಹೇಳುವುದು ಪ್ರತಿ ಬಿಂದುವಿನ ಮಾತು, ಕಂಪ್ಯೂಟರಿಗೆ ಗೊತ್ತಿರುವುದು ಚೌಕ ಮಾತ್ರ. ದೆಹಲಿಯ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ 1990ರ ದಶಕದಲ್ಲಿ ಬಳಸುತ್ತಿದ್ದ ಟಿ-80 ಎಂಬ ಮಾದರಿಯಲ್ಲಿ ಭೂಗೋಳದ ಸುತ್ತ 256, ಧ್ರುವದಿಂದ ಧ್ರುವಕ್ಕೆ 128 ಚೌಕಗಳಿದ್ದವು. ಅಂದರೆ ಒಂದೊಂದು ಚೌಕದ ಅಗಲ ಸುಮಾರು 150 ಕಿಲೋಮೀಟರ್. ಹೆಚ್ಚುಕಡಿಮೆ ಮೈಸೂರಿನಿಂದ ಕೊಯಮತ್ತೂರಿಗೆ ನೇರ ಗೆರೆ ಎಳೆದಷ್ಟು. 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ದಿಂಬಂ ಘಾಟಿಯ 27 ತಿರುವುಗಳು, ಮೇಲಿನ ತಾಳವಾಡಿಯ ಹೊಲಗಳು, ಕೆಳಗಿನ ಸತ್ಯಮಂಗಲದ ಬಯಲು, ಇಷ್ಟೂ ಅಂಥ ಒಂದೇ ಚೌಕದಲ್ಲಿ ಹಿಡಿಸುತ್ತವೆ. ಚೌಕಕ್ಕೆ ಒಂದೇ ಎತ್ತರ, ಒಂದೇ ತೇವ. ಆ ಸರಾಸರಿ ಎತ್ತರದಲ್ಲಿ ಗೆಟ್ಟವಾಡಿ ಇಲ್ಲ. ಗುಡುಗು ಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಅದು ಚೌಕದೊಳಗೆ ಕಾಣದೆ ಮುಳುಗಿಹೋಗುವುದರಿಂದ ‘ಇಂಥ ತೇವ, ಇಂಥ ಶಾಖ ಇದ್ದಾಗ ಒಟ್ಟಾರೆ ಇಷ್ಟು ಮಳೆ’ ಎಂಬ ಅಂದಾಜಿನ ನಿಯಮವನ್ನು ಕೋಡಿನಲ್ಲಿ ಬರೆಯಬೇಕಾಗುತ್ತದೆ. ಆ ನಿಯಮವನ್ನು ವಿಕಿರಣದ ಲೆಕ್ಕಕ್ಕೆ ಮುಂಚೆ ಕರೆಯಬೇಕೋ ನಂತರವೋ? ತೇವ ಸೊನ್ನೆಗಿಂತ ಕೆಳಗೆ ಹೋದರೆ ಏನು ಮಾಡಬೇಕು? ಕಾಲದ ಹೆಜ್ಜೆ ಎಷ್ಟು ನಿಮಿಷದ್ದು? ಯಾವ ಪಠ್ಯಪುಸ್ತಕದ ಸಮೀಕರಣದಲ್ಲೂ ಇದಕ್ಕೆ ಉತ್ತರವಿಲ್ಲ. ಬರೆದವರ ತೀರ್ಮಾನಗಳೇ ಉತ್ತರ, ಅವು ಕೋಡಿನಲ್ಲಿ ಮಾತ್ರ ಇರುತ್ತವೆ. ಗೆಟ್ಟವಾಡಿಯ ಮಳೆಯ ಮಟ್ಟಿಗೆ ಹೇಳುವುದಾದರೆ, ನ್ಯೂಟನ್ನನ ನಿಯಮಕ್ಕಿಂತ ಈ ತೀರ್ಮಾನಗಳ ಪಾಲೇ ದೊಡ್ಡದು. ಹಾಗಿರುವಾಗ ಕೋಡನ್ನು ಸಿದ್ಧಾಂತದ ನಕಲು ಎನ್ನಲಾಗದು. ಸಿದ್ಧಾಂತದ ಒಂದು ಭಾಗ ಕೋಡಿನ ರೂಪದಲ್ಲಷ್ಟೇ ಬರೆಯಲ್ಪಟ್ಟಿದೆ, ಬೇರೆಲ್ಲೂ ಅಲ್ಲ.

ಇದಕ್ಕೂ ಕೆಳಗೆ ಇನ್ನೊಂದು ಪದರವಿದೆ. ಕಂಪ್ಯೂಟರು ಸಂಖ್ಯೆಗಳನ್ನು ಇಂತಿಷ್ಟೇ ಅಂಕಿಗಳಿಗೆ ಕತ್ತರಿಸಿ ಇಡುತ್ತದೆ. ಆದ್ದರಿಂದ ಮೂರು ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೂಡಿದಿರಿ ಎನ್ನುವುದರ ಮೇಲೆ ಮೊತ್ತದ ಕೊನೆಯ ಅಂಕಿ ಬದಲಾಗುತ್ತದೆ. ಇದರ ಪರಿಣಾಮವನ್ನು 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಕಣ್ಣಾರೆ ಕಂಡರು. ಯಂತ್ರದ ಒಳಗೆ 0.506127 ಎಂದಿದ್ದ ಸಂಖ್ಯೆಯನ್ನು ಅಚ್ಚಾದ ಹಾಳೆ ನೋಡಿ 0.506 ಎಂದು ಊಡಿ ಲೆಕ್ಕವನ್ನು ನಡುವಿನಿಂದ ಮತ್ತೆ ಶುರುಮಾಡಿದಾಗ, ಸ್ವಲ್ಪ ಕಾಲ ಹಳೆಯ ದಾರಿಯಲ್ಲೇ ನಡೆದ ಹವಾಮಾನ ಆಮೇಲೆ ಪೂರ್ತಿ ಬೇರೆಯಾಯಿತು. ಈ ಕಥೆಯನ್ನು, ಚಿಟ್ಟೆಯೊಂದು ರೆಕ್ಕೆ ಬಡಿದರೆ ದೂರದಲ್ಲೆಲ್ಲೋ ಬಿರುಗಾಳಿ ಎದ್ದೀತು ಎಂಬ ಮಾತಾಗಿ ಎಲ್ಲರೂ ಕೇಳಿದ್ದಾರೆ. ಆದರೆ ಪ್ರೋಗ್ರಾಂ ಬರೆಯುವವರಿಗೆ ಅದು ಬೇರೆಯೇ ಒಂದು ಪ್ರಶ್ನೆ ಎಸೆಯುತ್ತದೆ: ನನ್ನ ಉತ್ತರ ನಿನ್ನೆಯದಕ್ಕಿಂತ ಬೇರೆ ಬಂದಿದೆ, ಅದು ಚಿಟ್ಟೆಯ ಕೆಲಸವೋ, ನಾನು ನಿನ್ನೆ ಸಂಜೆ ಮಾಡಿದ ತಪ್ಪೋ? ಈ ಪ್ರಶ್ನೆಗೆ ಉತ್ತರಿಸುವ ವಿಧಾನವಿಲ್ಲದ ಗುಂಪು, ತಪ್ಪುಗಳನ್ನೆಲ್ಲ ಚಿಟ್ಟೆಯ ಲೆಕ್ಕಕ್ಕೆ ಬರೆದುಕೊಂಡು ನೆಮ್ಮದಿಯಿಂದಿರುವ ಅಪಾಯವಿದೆ.

ಎರಡನೆಯ ಆಧಾರ ಹೆಚ್ಚು ಬಲವಾದದ್ದು: ಉತ್ತರವನ್ನು ನಿಸರ್ಗದ ಎದುರು ಇಟ್ಟು ನೋಡುತ್ತೇವಲ್ಲ, ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದಲ್ಲ ಎಂಬುದು. ಇಲ್ಲಿರುವ ಅಡಗಿದ ಊಹೆ ಏನೆಂದರೆ, ತಪ್ಪು ಕೋಡು ಕೊಡುವ ಉತ್ತರ ತಪ್ಪಾಗಿ ಕಾಣುತ್ತದೆ ಎಂಬುದು. ಬ್ಯಾಂಕಿನಲ್ಲಿ ಅದು ನಿಜ. ಖಾತೆಯಲ್ಲಿ ನೂರು ರೂಪಾಯಿ ಕಡಿಮೆಯಾದರೆ ಖಾತೆದಾರ ಮರುದಿನ ಬಾಗಿಲಲ್ಲಿರುತ್ತಾನೆ. ಸಿಮ್ಯುಲೇಶನ್ನಿನಲ್ಲಿ ಹಾಗೆ ಬಂದು ಕೇಳುವವರು ಯಾರೂ ಇಲ್ಲ. ಲೆಸ್ ಹ್ಯಾಟನ್ ಮತ್ತು ಆಂಡಿ ರಾಬರ್ಟ್ಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕಣ್ಣು ತೆರೆಸುವ ಸಾಕ್ಷಿ. ಭೂಕಂಪನ ತರಂಗಗಳಿಂದ ನೆಲದೊಳಗಿನ ಪದರಗಳನ್ನು ಗುರುತಿಸುವ ಒಂಬತ್ತು ವಾಣಿಜ್ಯ ಪ್ರೋಗ್ರಾಂಗಳಿಗೆ ಅವರು ಒಂದೇ ದತ್ತಾಂಶ ಕೊಟ್ಟರು. ಗಣಿತವಿಧಾನ ಒಂದೇ, ಬರೆದ ಭಾಷೆಯೂ ಒಂದೇ. ಕೊನೆಗೆ ಒಂಬತ್ತರ ಉತ್ತರಗಳು ಮೊದಲ ಒಂದು ಅಂಕಿಯ ಮಟ್ಟಿಗಷ್ಟೇ ಹೊಂದಿದವು. ಕಾರಣಗಳನ್ನು ಹುಡುಕಿದರೆ ಸಿಕ್ಕಿದ್ದು, ಪಟ್ಟಿಯ ಎಣಿಕೆಯಲ್ಲಿ ಒಂದು ಮನೆ ಹೆಚ್ಚುಕಡಿಮೆಯಾದಂಥ ಸಣ್ಣ ಸಣ್ಣ ತಪ್ಪುಗಳು. ಪ್ರತಿಯೊಂದು ಉತ್ತರವೂ, ಒಂದೊಂದಾಗಿ ನೋಡಿದರೆ, ನಂಬುವ ಹಾಗೆಯೇ ಇತ್ತು. ಪಕ್ಕದಲ್ಲಿ ಇನ್ನೆಂಟು ಇಲ್ಲದಿದ್ದರೆ ಅನುಮಾನವೇ ಬರುತ್ತಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ, ನನಗೆ ಇಡೀ ವಾದದಲ್ಲಿ ಇದೇ ಮುಖ್ಯ. ಹವಾಮಾನ ಮಾದರಿಗಳಲ್ಲಿ ಅಂದಾಜಿನ ನಿಯಮಗಳಿರುವುದರಿಂದ ಅವುಗಳ ಕೆಲವು ಗುಣಾಂಕಗಳನ್ನು ವೀಕ್ಷಣೆಗೆ ಹೊಂದುವಂತೆ ತಿರುಗಿಸಿ ಕೂರಿಸುತ್ತಾರೆ. ತಂಬೂರಿಯ ಬಿರಡೆ ತಿರುಗಿಸಿ ಶ್ರುತಿ ಮಾಡಿದ ಹಾಗೆ. ಇದರಲ್ಲಿ ಮೋಸವಿಲ್ಲ, ಅನಿವಾರ್ಯವೂ ಹೌದು. ಆದರೆ ಮೋಡದ ನೀರು ಮಳೆಯಾಗುವ ಸಾಲಿನಲ್ಲಿ ಒಂದು ತಪ್ಪಿದ್ದು, ಅದು ಮಳೆಯನ್ನು ಹೆಚ್ಚಿಸುತ್ತಿದೆ ಎಂದುಕೊಳ್ಳಿ. ಗುಣಾಂಕ ತಿರುಗಿಸುವವರು ಅರಿವಿಲ್ಲದೆಯೇ ಆ ಹೆಚ್ಚಳವನ್ನು ಇನ್ನೊಂದು ಕಡೆ ಕಡಿಮೆ ಮಾಡಿ ಸರಿದೂಗಿಸುತ್ತಾರೆ. ಈಗ ಮಾದರಿ ವೀಕ್ಷಣೆಗೆ ತಾಳೆಯಾಗುತ್ತದೆ. ಮೂರು ವರ್ಷದ ನಂತರ ಯಾರೋ ಆ ತಪ್ಪನ್ನು ಕಂಡು ತಿದ್ದುತ್ತಾರೆ. ತಿದ್ದಿದ ಕೂಡಲೇ ಮುನ್ಸೂಚನೆ ಕೆಡುತ್ತದೆ! ತಿದ್ದಿದವರೇ ತಪ್ಪಿತಸ್ಥರಂತೆ ಕಂಡು, ಹಳೆಯ ಸಾಲು ಮರಳಿ ಬರುತ್ತದೆ. ವಾಸ್ತವಕ್ಕೆ ತಾಳೆಯಾಗುವುದನ್ನೇ ಏಕೈಕ ಪರೀಕ್ಷೆಯಾಗಿ ಇಟ್ಟುಕೊಂಡರೆ ಈ ಸುಳಿಯಿಂದ ಹೊರಬರಲು ದಾರಿಯಿಲ್ಲ, ಏಕೆಂದರೆ ಆ ಪರೀಕ್ಷೆ ಎರಡು ತಪ್ಪುಗಳ ಮೊತ್ತವನ್ನು ಸರಿಯೆಂದು ದಾಟಿಸಿಬಿಡುತ್ತದೆ. ವಾತಾವರಣ ಬದಲಾಗುತ್ತಿರುವಾಗ ಇದು ಇನ್ನೂ ಅಪಾಯಕರ. ಹಿಂದಿನ ಮೂವತ್ತು ವರ್ಷದ ಮಳೆಗೆ ಸರಿದೂಗಿದ ಎರಡು ತಪ್ಪುಗಳು ಮುಂದಿನ ಮೂವತ್ತು ವರ್ಷದ ಶಾಖದಲ್ಲೂ ಸರಿದೂಗುತ್ತವೆ ಎನ್ನಲು ಯಾವ ಕಾರಣವೂ ಇಲ್ಲ.

ಉತ್ತರ ಕಣ್ಣಿಗೆ ಒಪ್ಪುವಂತಿದ್ದೂ ಮೋಸಹೋದದ್ದಕ್ಕೆ ನಾರ್ವೆಯ ಸ್ಲೈಪ್ನರ್-ಎ ತೈಲ ವೇದಿಕೆಯನ್ನು ನೆನೆಯಬೇಕು. 1991ರ ಆಗಸ್ಟ್ 23ರಂದು ಅದರ ಕಾಂಕ್ರೀಟ್ ತಳ ಕಡಲತೋಳಿನಲ್ಲಿ ಪರೀಕ್ಷೆಗಾಗಿ ಇಳಿಸುವಾಗ ಬಿರಿದು ಮುಳುಗಿತು. ಒಂದು ಗೋಡೆಯ ಮೇಲಿನ ಕತ್ತರಿ ಒತ್ತಡವನ್ನು ಕಂಪ್ಯೂಟರ್ ಲೆಕ್ಕ ಶೇ. 47ರಷ್ಟು ಕಡಿಮೆ ತೋರಿಸಿತ್ತು. ಗಮನಿಸಬೇಕಾದದ್ದು, ಪ್ರೋಗ್ರಾಂ ಕೆಟ್ಟಿರಲಿಲ್ಲ. ಆ ಮೂಲೆಗೆ ಹಾಕಿದ ಚೌಕಗಳ ಜಾಲ ಒರಟಾಗಿತ್ತು. ಅಪಘಾತದ ನಂತರ ಜಾಲವನ್ನು ಎಚ್ಚರದಿಂದ ಹೆಣೆದು ಮತ್ತೆ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಗೋಡೆ ಬಿರಿಯಬೇಕು ಎಂದು ಬಂತು. ನಿಜವಾಗಿ ಬಿರಿದದ್ದು 65 ಮೀಟರಿನಲ್ಲಿ. ಅದೇ ಲೆಕ್ಕವನ್ನು ಎರಡು ಬಗೆಯ ಜಾಲದಲ್ಲಿ ಮೊದಲೇ ಮಾಡಿ ನೋಡಿದ್ದರೆ ಎರಡು ಉತ್ತರಗಳು ಜಗಳವಾಡುತ್ತಿದ್ದವು, ಮತ್ತು ಆ ಜಗಳವೇ ಎಚ್ಚರಿಕೆಯಾಗುತ್ತಿತ್ತು.

ಹಾಗಾದರೆ ಸರಿಯುತ್ತರ ಯಾರಿಗೂ ಗೊತ್ತಿಲ್ಲದ ಲೆಕ್ಕವನ್ನು ಪರೀಕ್ಷಿಸುವುದು ಹೇಗೆ? ನಮ್ಮ ಕಣದಲ್ಲಿ ಇದಕ್ಕೆ ಉತ್ತರವಿತ್ತು. ಬಡಿದು ತೂರಿದ ರಾಗಿಯ ರಾಶಿಯಲ್ಲಿ ಒಟ್ಟು ಎಷ್ಟಿದೆ ಎಂದು ಅಳೆಯುವ ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ಆದರೆ ನಾಲ್ಕು ಪಾವಿಗೆ ಒಂದು ಸೇರು ಎಂಬುದು ಎಲ್ಲರಿಗೂ ಗೊತ್ತು. ರಾಶಿಯನ್ನು ಸೇರಿನಲ್ಲಿ ಅಳೆದು, ಅದನ್ನೇ ಮತ್ತೆ ಪಾವಿನಲ್ಲಿ ಅಳೆದರೆ ಎರಡನೆಯ ಎಣಿಕೆ ಮೊದಲಿನದಕ್ಕಿಂತ ನಾಲ್ಕುಪಟ್ಟು ಬರಲೇಬೇಕು. ಬರದಿದ್ದರೆ ರಾಶಿ ಎಷ್ಟೆಂದು ತಿಳಿಯದಿದ್ದರೂ, ಅಳತೆಯಲ್ಲಿ ಎಡವಟ್ಟಾಗಿದೆ ಎಂಬುದಂತೂ ಖಚಿತ. ಉತ್ತರ ಗೊತ್ತಿಲ್ಲದಿದ್ದಾಗಲೂ ಉತ್ತರಗಳ ನಡುವಿನ ಸಂಬಂಧ ಗೊತ್ತಿರಬಹುದು. ದೊಡ್ಡ ವೈಜ್ಞಾನಿಕ ಕೋಡುಗಳನ್ನು ಕಟ್ಟಿದವರು ದಶಕಗಳ ಅನುಭವದಿಂದ ಕಲಿತ ಸಾಫ್ಟ್‌ವೇರ್ ಪಾಠಗಳ ತಿರುಳು ಇದೇ. ಅದನ್ನು ಹೀಗೆ ಬಿಡಿಸಿಡಬಹುದು:

1. ಉಳಿಯಬೇಕಾದದ್ದು ಉಳಿದಿದೆಯೇ ಎಂದು ಪ್ರತಿ ಹೆಜ್ಜೆಗೂ ಕೇಳುವುದು. ಗಾಳಿಯ ಒಟ್ಟು ರಾಶಿ ಬದಲಾಗಬಾರದು. ಆವಿಯಾದ ನೀರು ಮಳೆಯಾಗಿ ಬೀಳಬೇಕು ಇಲ್ಲವೇ ವಾತಾವರಣದಲ್ಲಿ ಇರಬೇಕು. ಇಲ್ಲೊಂದು ಪ್ರಲೋಭನೆಯಿದೆ: ಲೆಕ್ಕದಲ್ಲಿ ಸೋರಿಹೋದದ್ದನ್ನು ಪ್ರತಿ ಹೆಜ್ಜೆಯ ಕೊನೆಯಲ್ಲಿ ಎಲ್ಲ ಚೌಕಗಳಿಗೂ ಸಮನಾಗಿ ಹಂಚಿ ಮೊತ್ತ ಸರಿಮಾಡಿಬಿಡುವ ಸಾಲುಗಳನ್ನು ಬರೆಯುವುದು. ಅನೇಕ ಮಾದರಿಗಳಲ್ಲಿ ಇಂಥ ಸಾಲುಗಳಿವೆ, ಕೆಲವೊಮ್ಮೆ ಬೇಕೂ ಆಗುತ್ತವೆ. ಆದರೆ ಎಷ್ಟು ಸೋರಿತು ಎಂಬುದನ್ನು ಬರೆದಿಡದೆ ತುಂಬಿಸಿಬಿಟ್ಟರೆ ಸೋರುವ ತೂತು ಶಾಶ್ವತವಾಗಿ ಮರೆಯಾಗುತ್ತದೆ.

2. ಒಂದೇ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡುವುದು. ಹತ್ತು ದಿನದ ಸಿಮ್ಯುಲೇಶನ್ ಒಂದೇ ಓಟದಲ್ಲಿ ಮುಗಿಸಿದಾಗಲೂ, ಐದನೆಯ ದಿನ ನಿಲ್ಲಿಸಿ, ಸ್ಥಿತಿಯನ್ನು ಡಿಸ್ಕಿಗೆ ಬರೆದು, ಮತ್ತೆ ಎಬ್ಬಿಸಿ ಮುಂದುವರಿಸಿದಾಗಲೂ ಕೊನೆಯ ಅಂಕಿಯವರೆಗೆ ಒಂದೇ ಉತ್ತರ ಬರಬೇಕು. ಬರದಿದ್ದರೆ ಯಾವುದೋ ಒಂದು ಸಂಗತಿಯನ್ನು ಬರೆದಿಡಲು ಮರೆತಿದ್ದೇವೆ. ಚೌಕವನ್ನು ಅರ್ಧ ಮಾಡಿದರೆ, ಎರಡನೆಯ ದರ್ಜೆಯ ವಿಧಾನದಲ್ಲಿ, ದೋಷ ಕಾಲುಭಾಗಕ್ಕೆ ಇಳಿಯಬೇಕು. ಅರ್ಧಕ್ಕಷ್ಟೇ ಇಳಿದರೆ ಉತ್ತರ ಚೆನ್ನಾಗಿದ್ದರೂ ಕೋಡಿನಲ್ಲಿ ತಪ್ಪಿದೆ.

3. ಕಾಗದದ ಮೇಲೆ ಬಿಡಿಸಬಲ್ಲ ಸಣ್ಣ ಲೆಕ್ಕಗಳನ್ನು ದೊಡ್ಡ ಕೋಡಿಗೆ ಕೊಟ್ಟು ನೋಡುವುದು, ಪ್ರತಿ ಬದಲಾವಣೆಯ ನಂತರವೂ.

4. ಚಿಟ್ಟೆಗೂ ತಪ್ಪಿಗೂ ವ್ಯತ್ಯಾಸ ಹೇಳುವ ಅಳತೆಗೋಲು ಇಟ್ಟುಕೊಳ್ಳುವುದು. ರೊಸಿನ್ಸ್ಕಿ ಮತ್ತು ವಿಲಿಯಮ್ಸನ್ 1997ರಲ್ಲಿ ಇದಕ್ಕೊಂದು ಸರಳ ಉಪಾಯ ಕೊಟ್ಟರು: ಕೊನೆಯ ಅಂಕಿಯನ್ನು ಬೇಕೆಂದೇ ಅಲುಗಿಸಿ, ಆ ವ್ಯತ್ಯಾಸ ಯಾವ ವೇಗದಲ್ಲಿ ಬೆಳೆಯುತ್ತದೆ ಎಂದು ನೋಡಿಡಿ. ಹೊಸ ಯಂತ್ರಕ್ಕೆ ಹೋದಾಗ ಬರುವ ವ್ಯತ್ಯಾಸ ಅದಕ್ಕಿಂತ ಬೇಗ ಬೆಳೆದರೆ, ಅದು ಕತ್ತರಿಸಿದ ಅಂಕಿಗಳ ಕೆಲಸವಲ್ಲ.

ಈ ನಾಲ್ಕರಲ್ಲಿ ಒಂದಕ್ಕೂ ನಾಳಿನ ಮಳೆ ಎಷ್ಟೆಂದು ತಿಳಿದಿರಬೇಕಿಲ್ಲ. ಆದ್ದರಿಂದಲೇ ಇವನ್ನು ಗುಣಾಂಕ ತಿರುಗಿಸಿ ದಾಟಲು ಆಗುವುದಿಲ್ಲ.

ಇದೆಲ್ಲ ಬೇರೆ ದೇಶದ ಮಾತಲ್ಲ. ಬೆಂಗಳೂರಿನಲ್ಲೇ ಇದರ ಒಂದು ಅಧ್ಯಾಯ ನಡೆದಿದೆ. ಭಾರತ ಕೇಳಿದ ಕ್ರೇ ಸೂಪರ್ ಕಂಪ್ಯೂಟರನ್ನು ಅಮೆರಿಕ ಕೊಡದೆ ಅದಕ್ಕಿಂತ ಸಣ್ಣದಾದ ಎಕ್ಸ್-ಎಂಪಿ-14 ಕೊಟ್ಟದ್ದು, ಅದು 1989ರಲ್ಲಿ ದೆಹಲಿಯ ಮುನ್ಸೂಚನಾ ಕೇಂದ್ರಕ್ಕೆ ಬಂದದ್ದು ಹಲವರಿಗೆ ಗೊತ್ತು. ಅದಕ್ಕೂ ಮುಂಚೆ, 1986ರಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಯು. ಎನ್. ಸಿನ್ಹಾ ಅವರ ತಂಡ ಇಂಟೆಲ್ 8086 ಮತ್ತು 8087 ಚಿಪ್ಪುಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತ್ತು. ಹೆಸರೇ ಹೇಳುವಂತೆ ಅದು ಹುಟ್ಟಿದ್ದು ದ್ರವಗಳ ಹರಿವಿನ ಲೆಕ್ಕಕ್ಕೆ. 1990ರ ದಶಕದಲ್ಲಿ ಅದರ ಮುಂದಿನ ಪೀಳಿಗೆಯ ಯಂತ್ರಗಳ ಮೇಲೆ ಟಿ-80 ಮಾದರಿಯನ್ನು ಓಡಿಸುವ ಕೆಲಸ ನಡೆಯಿತು. ಈ ಸಾಹಸವನ್ನು ಸಾಮಾನ್ಯವಾಗಿ ಯಂತ್ರದ ಕಥೆಯಾಗಿ, ಸ್ವಾವಲಂಬನೆಯ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಮುಖ್ಯವಾಗಿ ಕೋಡಿನ ಕಥೆ. ಟಿ-80 ಅಮೆರಿಕದ ರಾಷ್ಟ್ರೀಯ ಹವಾಮಾನ ಕೇಂದ್ರದ ಮಾದರಿಯಿಂದ ಬಂದದ್ದು. ಕ್ರೇ ಯಂತ್ರದ ಮೈಗೆ ಹೊಂದಿಕೊಂಡದ್ದು. ಅಂಥ ಹಳೆಯ ಫೋರ್ಟ್ರಾನ್ ಕೋಡುಗಳಲ್ಲಿ ಚೌಕಗಳ ಸಂಖ್ಯೆಯನ್ನು ಅಲ್ಲಲ್ಲೇ ಅಂಕಿಯಾಗಿ ಬರೆದಿರುತ್ತಾರೆ, ಎಲ್ಲ ಭಾಗಗಳೂ ಬಂದು ಮುಟ್ಟಿ ಹೋಗುವ ಸಾಮೂಹಿಕ ಉಗ್ರಾಣಗಳಿರುತ್ತವೆ, ಯಾರು ಯಾವಾಗ ಏನನ್ನು ಬದಲಿಸಿದರು ಎಂದು ತಿಳಿಯುವುದಿಲ್ಲ. ಒಂದೇ ಪ್ರೊಸೆಸರ್ ಇದ್ದಾಗ ಇದು ನಡೆದುಹೋಗುತ್ತದೆ. ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಲು ಹೊರಟಾಗ ‘ಈ ಸಂಖ್ಯೆ ಯಾರದು?’ ಎಂದು ಸಾಲುಸಾಲಿಗೂ ಕೇಳಲೇಬೇಕು. ಹೀಗೆ ಕೇಳುವುದೇ ಸಾಫ್ಟ್‌ವೇರ್ ಎಂಜಿನಿಯರಿಂಗ್. ಈ ಮಾದರಿಯನ್ನು ಹೊಸದಾಗಿ ಕಟ್ಟಿಕೊಂಡ ಅನುಭವದ ಮೇಲೆ ರವಿ ನಂಜುಂಡಯ್ಯ ಮತ್ತು ಸಿನ್ಹಾ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ವಾತಾವರಣ ಮಾದರಿಯೊಂದರ ಸಾಮರ್ಥ್ಯದ ಮೇಲೆ ಆಧುನಿಕ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪದ್ಧತಿಗಳ ಪರಿಣಾಮ ಏನು ಎಂಬುದೇ ಅದರ ವಿಷಯ. ‘ಸಾಮರ್ಥ್ಯ’ ಎಂಬ ಮಾತಿನ ಮೇಲೆ ಬೆರಳಿಡಬೇಕು. ಕೋಡು ಅಚ್ಚುಕಟ್ಟಾಗುವುದು ಓದುವವರ ಕಣ್ಣಿನ ಸುಖಕ್ಕೆ ಎಂದು ಅವರು ಭಾವಿಸಲಿಲ್ಲ, ಮಾದರಿಯಿಂದ ಏನು ಮಾಡಿಸಬಹುದು ಎಂಬುದೇ ಬದಲಾಗುತ್ತದೆ ಎಂದು ಕಂಡರು. ಮುಂದೆ ಎನ್‌ಎಎಲ್ ‘ವರ್ಷ’ ಎಂಬ ಮುನ್ಸೂಚನಾ ಮಾದರಿಯನ್ನು ರೂಪಿಸಿದ್ದು ಈ ನೆಲಗಟ್ಟಿನ ಮೇಲೆಯೇ.

ಇನ್ನು ಮೂರನೆಯ ಆಧಾರ. ಅದು ಇಲ್ಲಿ ಒಂದು ಆಕ್ಷೇಪವಾಗಿ ಎದುರಾಗುತ್ತದೆ. ಸಂಶೋಧನಾ ವಿದ್ಯಾರ್ಥಿಗೆ ಸಿಗುವುದು ನಾಲ್ಕೈದು ವರ್ಷ. ಅಷ್ಟರಲ್ಲಿ ಪ್ರಬಂಧ ಬರೆಯಬೇಕು, ಪದವಿ ಪಡೆಯಬೇಕು. ಒಮ್ಮೆ ಓಡಿಸಿ ಎಸೆಯುವ ಕೋಡಿಗೆ ಇಷ್ಟೆಲ್ಲ ಏಕೆ? ನಿಜವಾಗಿ ಎಸೆಯುವಂಥದ್ದಾದರೆ ಬೇಡ. ಊಹೆಯೊಂದನ್ನು ಸಂಜೆಯೊಳಗೆ ಪರೀಕ್ಷಿಸಿ ಬಿಸಾಡುವ ಐವತ್ತು ಸಾಲಿಗೆ ನಾನೂ ಪರೀಕ್ಷೆ ಬರೆಯೆನ್ನುವುದಿಲ್ಲ. ಆದರೆ ಎಸೆಯುತ್ತೇವೆ ಎಂದುಕೊಂಡು ಬರೆದದ್ದೇ ಹೆಚ್ಚು ಕಾಲ ಬದುಕುತ್ತದೆ. ಟಿ-80 ವಾಷಿಂಗ್ಟನ್ನಿನಿಂದ ದೆಹಲಿಗೆ, ದೆಹಲಿಯಿಂದ ಬೆಂಗಳೂರಿಗೆ ಕೈಯಿಂದ ಕೈಗೆ ದಾಟಿತು. ಮೊದಲು ಬರೆದವರ ಮನಸ್ಸಿನಲ್ಲಿ ಕೊನೆಯ ಓದುಗ ಇದ್ದಿರಲಾರ. ನಾನು ಒಪ್ಪುವ ಗಡಿರೇಖೆ ಇದು: ಬರೆದವನಲ್ಲದ ಇನ್ನೊಬ್ಬ ಅದನ್ನು ಓಡಿಸಿದ ದಿನದಿಂದ ಕೋಡು ಉಪಕರಣವಾಗುತ್ತದೆ, ಉಪಕರಣಕ್ಕೆ ಮುದ್ರೆ ಬೇಕು. ಮುದ್ರೆಯಿಲ್ಲದ ಸೇರನ್ನು ಸಂತೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಸಮಯ ಉಳಿಸಿದೆವು ಎನ್ನುವವರು ತಮ್ಮ ಸಮಯವನ್ನು ಉಳಿಸಿರುತ್ತಾರೆ, ಮುಂದೆ ಬರುವ ವಿದ್ಯಾರ್ಥಿಯ ಒಂದು ವರ್ಷವನ್ನು ಖರ್ಚು ಮಾಡಿರುತ್ತಾರೆ.

ಇನ್ನೊಂದು ಗೊಂದಲ ವಿರುದ್ಧ ದಿಕ್ಕಿನಿಂದ ಬರುತ್ತದೆ, ಅದನ್ನೂ ಅಷ್ಟೇ ಗಟ್ಟಿಯಾಗಿ ನಿರಾಕರಿಸಬೇಕು: ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಾಫ್ಟ್‌ವೇರ್ ಎಂಜಿನಿಯರುಗಳಿದ್ದಾರೆ, ಕಂಪನಿಗಳ ಪದ್ಧತಿಗಳನ್ನು ತಂದು ಪ್ರಯೋಗಾಲಯಕ್ಕೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು. ಭೌತಶಾಸ್ತ್ರ ತಿಳಿಯದ ಒಳ್ಳೆಯ ಎಂಜಿನಿಯರ್ ಒಬ್ಬರು, ಸೊನ್ನೆಯಿಂದ ಭಾಗಿಸದಂತೆ ಹಾಕಿದ ತೀರಾ ಸಣ್ಣ ಸಂಖ್ಯೆಯೊಂದನ್ನು ಕಸವೆಂದು ಗುಡಿಸಿಬಿಡಬಹುದು. ವೇಗ ಹೆಚ್ಚಿಸಲು ಕೂಡುವ ಕ್ರಮವನ್ನು ಬದಲಿಸಬಹುದು. ಎರಡೂ ಅವರ ಕಸುಬಿನಲ್ಲಿ ಸದ್ಗುಣಗಳೇ. ಬೇಡಿಕೆಗಳ ಪಟ್ಟಿಯನ್ನು ಮೊದಲೇ ಬರೆದು ಸಹಿ ಹಾಕಿಸುವ ಪದ್ಧತಿ, ಬೇಡಿಕೆಯೇ ಪ್ರಶ್ನೆಯಾಗಿರುವಲ್ಲಿ ಕೆಲಸಕ್ಕೆ ಬಾರದು. ಸ್ಟೀವ್ ಈಸ್ಟರ್‌ಬ್ರೂಕ್ ಮತ್ತು ಟಿಮ್ ಜಾನ್ಸ್ 2009ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯ ಹ್ಯಾಡ್ಲಿ ಕೇಂದ್ರದ ಬಗ್ಗೆ ಬರೆದ ಅಧ್ಯಯನ ಈ ನಿಟ್ಟಿನಲ್ಲಿ ಅಮೂಲ್ಯವಾದದ್ದು. ಅಲ್ಲಿ ಕೋಡು ಬರೆಯುವವರೂ ಬಳಸುವವರೂ ಅದೇ ವಿಜ್ಞಾನಿಗಳು. ಪುಸ್ತಕದ ಪದ್ಧತಿಗಳನ್ನು ಅವರು ಹಾಗೇ ತಂದುಕೊಂಡಿರಲಿಲ್ಲ. ಆದರೆ ಪ್ರತಿ ಬದಲಾವಣೆಯನ್ನೂ ಇನ್ನೊಬ್ಬರು ಓದುತ್ತಿದ್ದರು, ಅಂಕಿಗೆ ಅಂಕಿ ಹೊಂದುತ್ತದೆಯೇ ಎಂಬ ಪರೀಕ್ಷೆಗಳನ್ನು ಮತ್ತೆ ಮತ್ತೆ ನಡೆಸುತ್ತಿದ್ದರು, ಪ್ರತಿ ಓಟವನ್ನೂ ಒಂದು ಪ್ರಯೋಗವೆಂದು ಬಗೆದು ಹಿಂದಿನದರ ಜೊತೆ ಹೋಲಿಸುತ್ತಿದ್ದರು. ಕೋಡಿನಲ್ಲಿ ಉಳಿದ ದೋಷಗಳ ಸಾಂದ್ರತೆ ಕಡಿಮೆಯೇ ಇತ್ತು. ವಿಜ್ಞಾನದ ಒಳಗಿನಿಂದಲೇ ಬೆಳೆದ ಶಿಸ್ತು ಅದು. ಪ್ರಯೋಗಾಲಯದಲ್ಲಿ ಹೇಗೂ ಇರುವ ಸಂಶಯದ ಅಭ್ಯಾಸವನ್ನು ಕೋಡಿಗೂ ವಿಸ್ತರಿಸಿದ್ದಷ್ಟೇ ಅವರು ಮಾಡಿದ ಹೊಸ ಕೆಲಸ.

ಮೂರನೆಯ ಗೊಂದಲ ಕೋವಿಡ್ ಕಾಲದ್ದು, ಮತ್ತು ಅದು ನಮ್ಮಲ್ಲೂ ಪ್ರತಿಧ್ವನಿಸಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಾಂಕ್ರಾಮಿಕ ಮಾದರಿಯ ಕೋಡು ಹದಿಮೂರು ವರ್ಷಕ್ಕೂ ಹಿಂದೆ ಬರೆದ, ವಿವರಣೆಯಿಲ್ಲದ ಸಾವಿರಾರು ಸಾಲುಗಳ ಸಿ ಭಾಷೆಯದು ಎಂದು ನೀಲ್ ಫರ್ಗ್ಯುಸನ್ ಅವರೇ 2020ರಲ್ಲಿ ಹೇಳಿದರು. ಕೋಡು ಹೊರಬಂದಾಗ ಅದರ ಒರಟುತನವನ್ನು ತೋರಿಸಿ, ಹಾಗಾಗಿ ಆ ವಿಜ್ಞಾನವೇ ಸುಳ್ಳು ಎಂದು ವಾದಿಸಿದವರು ಬಹಳ. ಅದೇ ವರ್ಷ ಕೇಂಬ್ರಿಜ್‌ನ ಸ್ಟೀಫನ್ ಎಗ್ಲೆನ್ ಪ್ರಕಟಿತ ಕೋಡನ್ನು ತಾವೇ ಓಡಿಸಿ, ಇಂಪೀರಿಯಲ್ ಕಾಲೇಜು ಮಾರ್ಚಿನಲ್ಲಿ ಹೊರತಂದ ವರದಿಯ ಮುಖ್ಯ ಫಲಿತಾಂಶಗಳು ಮರಳಿ ಬರುತ್ತವೆ ಎಂದು ದೃಢಪಡಿಸಿದರು. ಆಗ ಇನ್ನೊಂದು ಪಕ್ಷ, ಹಾಗಾದರೆ ಮಾದರಿ ಸರಿ ಎಂದಿತು. ಎರಡೂ ಪಕ್ಷಗಳು ಒಂದೇ ಎಡವಟ್ಟು ಮಾಡಿದವು. ಕೋಡು ಹೇಳಿದ್ದನ್ನೇ ಮತ್ತೆ ಹೇಳುತ್ತದೆಯೇ ಎಂಬುದು ಒಂದು ಪ್ರಶ್ನೆ. ಬರೆದವರು ಉದ್ದೇಶಿಸಿದ್ದನ್ನೇ ಕೋಡು ಮಾಡುತ್ತಿದೆಯೇ ಎಂಬುದು ಎರಡನೆಯದು. ಉದ್ದೇಶಿಸಿದ್ದು ಲೋಕಕ್ಕೆ ಹೊಂದುತ್ತದೆಯೇ ಎಂಬುದು ಮೂರನೆಯದು. ಕೊಳಕು ಕೋಡು ಎರಡನೆಯ ಪ್ರಶ್ನೆಗೆ ಉತ್ತರಿಸುವುದನ್ನು ಕಷ್ಟವಾಗಿಸುತ್ತದೆ. ಅದಷ್ಟರಿಂದಲೇ ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಸಿಗುವುದಿಲ್ಲ. ಮರಳಿ ಓಡಿಸಿ ಒಂದೇ ಉತ್ತರ ಬಂದರೆ ಮೊದಲನೆಯದು ಮಾತ್ರ ತೀರುತ್ತದೆ. ನಾನು ಆರಂಭದಲ್ಲಿ ಹೇಳಿದ ನಂಬಿಕೆ ಈ ಮೂರನ್ನೂ ಕಲಸಿ ಒಂದು ಮಾಡಿದ್ದರಿಂದಲೇ ‘ಉತ್ತರ ತಾಳೆಯಾದರೆ ಕೋಡು ಸರಿ’ ಎಂದು ನಿಶ್ಚಿಂತೆಯಿಂದ ಹೇಳಲು ಅದಕ್ಕೆ ಸಾಧ್ಯವಾಗಿದೆ.

2025ರ ಮೇ 26ರಂದು ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಬಳಕೆಗೆ ಬಂತು. ಅದರ ಚೌಕ ಸುಮಾರು 6 ಕಿಲೋಮೀಟರಿನದು. ಹಿಂದಿನದು 12 ಕಿಲೋಮೀಟರ್ ಇತ್ತು. 150ರಿಂದ 6ಕ್ಕೆ ಇಳಿದಿರುವುದು ದೊಡ್ಡ ಸಾಧನೆ, ಅದನ್ನು ಕಂಡು ನಾನು ಸಂತೋಷಪಡುತ್ತೇನೆ. ದಿಂಬಂ ಘಾಟಿಯ ಅಂಚೂ ತಾಳವಾಡಿಯ ಮೇಲುನಾಡೂ ಈಗ ಬೇರೆ ಬೇರೆ ಚೌಕಗಳಲ್ಲಿ ಬೀಳಬಹುದು. ಆದರೆ ಚೌಕ ಚಿಕ್ಕದಾದಷ್ಟೂ ಜನರ ನಂಬಿಕೆ ದೊಡ್ಡದಾಗುತ್ತದೆ. ಪಂಚಾಯಿತಿ ಮಟ್ಟದ ಮುನ್ಸೂಚನೆ ಎಂದು ಕೇಳಿದ ರೈತ ಅದನ್ನು ತನ್ನ ಹೊಲದ ಮಾತೆಂದೇ ತೆಗೆದುಕೊಳ್ಳುತ್ತಾನೆ. ಚೌಕವನ್ನು ಅರ್ಧ ಮಾಡಿದಾಗ ಉದ್ದ, ಅಗಲ, ಕಾಲದ ಹೆಜ್ಜೆ ಮೂರೂ ಸಣ್ಣದಾಗಿ ಲೆಕ್ಕದ ಕೆಲಸ ಸುಮಾರು ಎಂಟುಪಟ್ಟು ಏರುತ್ತದೆ, ಅದಕ್ಕೆ ಯಂತ್ರ ಕೊಳ್ಳುತ್ತೇವೆ, ಅದರ ವೇಗವನ್ನು ಪೆಟಾಫ್ಲಾಪಿನಲ್ಲಿ ಪತ್ರಿಕೆಗಳಿಗೆ ಹೇಳುತ್ತೇವೆ. ಆದರೆ ದೊಡ್ಡ ಚೌಕಕ್ಕೆಂದು ಬರೆದ ಗುಡುಗು ಮಳೆಯ ಅಂದಾಜಿನ ನಿಯಮ ಸಣ್ಣ ಚೌಕದಲ್ಲೂ ಹಾಗೇ ನಿಲ್ಲುತ್ತದೆಯೇ ಎಂದು ಸಾಲುಸಾಲಾಗಿ ಪರೀಕ್ಷಿಸುವ ಕೆಲಸಕ್ಕೆ ಪತ್ರಿಕೆಯಲ್ಲಿ ಹೇಳುವಂಥ ಅಳತೆ ಯಾವುದೂ ಇಲ್ಲ. ಅದನ್ನು ಮಾಡುವವರ ಹುದ್ದೆಗೆ ನಮ್ಮ ಬಹುತೇಕ ಸಂಶೋಧನಾ ಸಂಸ್ಥೆಗಳಲ್ಲಿ ಹೆಸರೂ ಇಲ್ಲ. ಬ್ರಿಟನ್ನಿನಲ್ಲಿ 2012ರ ಹೊತ್ತಿಗೆ ಅವರನ್ನು ‘ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್’ ಎಂದು ಕರೆಯತೊಡಗಿ, ಬಡ್ತಿಯ ದಾರಿಯನ್ನೂ ಹುಡುಕತೊಡಗಿದರು. ಇಲ್ಲಿ ಆ ಕೆಲಸ ಮಾಡಿದ ವಿದ್ಯಾರ್ಥಿಗೆ ‘ಪ್ರಬಂಧ ಎಲ್ಲಿ?’ ಎಂಬ ಪ್ರಶ್ನೆ ಎದುರಾಗುತ್ತದೆ. ಯಂತ್ರಕ್ಕೆ ಹಣ ಮಂಜೂರು ಮಾಡುವ ಅದೇ ಕಡತದಲ್ಲಿ, ಆ ಯಂತ್ರದ ಮೇಲೆ ಓಡುವ ಕೋಡನ್ನು ಪಾವಿನಲ್ಲಿ ಮತ್ತೊಮ್ಮೆ ಅಳೆಯುವವರ ಸಂಬಳಕ್ಕೂ ಒಂದು ಸಾಲು ಇರಬೇಕು. ಆ ಅಳತೆಯ ಫಲಿತಾಂಶಗಳು, ತಾಳೆಯಾಗದವೂ ಸೇರಿ, ಮುನ್ಸೂಚನೆಯಷ್ಟೇ ಬಹಿರಂಗವಾಗಿ ಪ್ರಕಟವಾಗಬೇಕು.